ಖಾನಾಪುರ ಸೀಮೆಯ ಕುಂಬಾರಿಕೆ ಮತ್ತು ಹಲಸಿಯ ಜಿನಾಲಯ ಪರಂಪರೆ

ಬಸದಿಯೊಂದರ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ವಿಧಿಗಳನ್ನು ಅವಲೋಕಿಸಿದಾಗ, ಆರಂಭದ ದಿನಗಳಲ್ಲಿಯೇ ಮೃತ್ತಿಕಾ ಸಂಗ್ರಹಣ ಮತ್ತು ಅಂಕುರಾರ್ಪಣೆಗಳು ನಡೆಯುವುದು ಕಂಡುಬರುತ್ತದೆ. ಶುದ್ಧವಾದ ನೆಲದಿಂದ ಮಣ್ಣನ್ನು ಮಂಗಲವಾದ್ಯಗಳೊಡನೆ ತಂದು, ಮಣ್ಣಿನ ಪಾಲಿಕೆಗಳಲ್ಲಿ ತುಂಬಿ, ಧಾನ್ಯಗಳನ್ನು ಬಿತ್ತಿ, ಮೊಳಕೆಯೊಡೆಯುವುದನ್ನು ಶುಭಸೂಚಕವೆಂದು ಭಾವಿಸುವುದು ರೂಢಿ. ಶಿಲೆಯ ಬಿಂಬಕ್ಕೆ ಸಂಸ್ಕಾರವಾಗುವ ಮೊದಲು ಮಣ್ಣಿಗೆ ಗೌರವ ಸಲ್ಲುತ್ತದೆ. ಆ ಪಾಲಿಕೆಗಳನ್ನು ತಿಗರಿಯ ಮೇಲೆ ತಿರುಗಿಸಿ ಆವಿಗೆಯಲ್ಲಿ ಸುಟ್ಟುಕೊಟ್ಟ ಕುಂಬಾರನ ಹೆಸರು ಮಾತ್ರ ಯಾವ ಶಾಸನದಲ್ಲಿಯೂ ಬರುವುದು ವಿರಳ. ದಾನಿಗಳ ಹೆಸರು ತಾಮ್ರದಲ್ಲಿ ಉಳಿಯಿತು, ರೂವಾರಿಗಳ ಹೆಸರು ಕೆಲವೊಮ್ಮೆ ಶಿಲೆಯಲ್ಲಿ ಉಳಿಯಿತು. ಕುಂಬಾರನ ಕೃತಿ ಮಣ್ಣಿನಲ್ಲಿ ಹುಟ್ಟಿ ಮಣ್ಣಿಗೇ ಮರಳಿತು.

ಧರ್ಮಕ್ಷೇತ್ರದ ಇತಿಹಾಸವನ್ನೂ ಮಣ್ಣಿನ ಕೆಲಸದ ಇತಿಹಾಸವನ್ನೂ ಒಂದೇ ನೆಲದಲ್ಲಿ ಜೊತೆಜೊತೆಯಾಗಿ ಕಾಣಬಹುದಾದ ಪ್ರದೇಶಗಳಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ಸೀಮೆಯು ಪ್ರಮುಖವಾದುದು. ಅತಿ ಪ್ರಾಚೀನ ಜಿನಾಲಯಗಳಲ್ಲಿ ಒಂದಕ್ಕೆ ಆಶ್ರಯವಿತ್ತ ಹಲಸಿ ಈ ಸೀಮೆಯಲ್ಲಿದೆ. ಕುಂಬಾರಿಕೆಗೆ ಹೆಸರಾದ ಖಾನಾಪುರವೂ ಇಲ್ಲಿಯೇ ಇದೆ. ಇವೆರಡನ್ನೂ ಕೂಡಿಸಿ ನೋಡಿದರೆ ಬಸದಿಗಳ ಇತಿಹಾಸದ ಅಲಕ್ಷಿತ ಮುಖವೊಂದು ಗೋಚರವಾಗುತ್ತದೆ.

ನೆಲ ಮತ್ತು ನೀರು

ಸಹ್ಯಾದ್ರಿಯ ಪೂರ್ವದ ಇಳಿಜಾರಿನಲ್ಲಿ ಹರಡಿರುವ ಖಾನಾಪುರ ತಾಲೂಕು ಪಶ್ಚಿಮಕ್ಕೆ ದಟ್ಟವಾದ ಅರಣ್ಯವನ್ನೂ ಪೂರ್ವಕ್ಕೆ ಬಯಲುಸೀಮೆಯ ಹೊಲಗಳನ್ನೂ ಹೊಂದಿದೆ. ಕಣಕುಂಬಿಯಲ್ಲಿ ಉಗಮಿಸುವ ಮಲಪ್ರಭಾ ನದಿಯು ಖಾನಾಪುರ ಪಟ್ಟಣದ ಪಕ್ಕದಲ್ಲಿ ಹರಿದು ಮುಂದೆ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ನಾಡನ್ನು ತಣಿಸಿ ಕೃಷ್ಣೆಯನ್ನು ಸೇರುತ್ತದೆ. ಮಲೆನಾಡಿನ ಜಡಿಮಳೆಯು ಬೆಟ್ಟದ ಕೆಮ್ಮಣ್ಣನ್ನು ತೊಳೆದು ತಂದು ನದಿಯ ದಂಡೆಗಳಲ್ಲಿಯೂ ಕೆರೆಗಳ ಅಂಗಳದಲ್ಲಿಯೂ ನಿಲ್ಲಿಸುತ್ತದೆ. ನೀರಿನಲ್ಲಿ ನಿಧಾನವಾಗಿ ತಳಕ್ಕಿಳಿದ ಈ ಜಿಗುಟು ಮಣ್ಣೇ ಕುಂಬಾರನ ಬಂಡವಾಳ. ನೀರು, ಜೇಡಿಮಣ್ಣು, ಉರುವಲು ಇವು ಮೂರೂ ಒಂದೆಡೆ ದೊರೆಯುವ ಸ್ಥಳದಲ್ಲಿ ಕುಂಬಾರಿಕೆ ಬೇರೂರುವುದು ಸಹಜ. ಖಾನಾಪುರದ ಮಡಕೆ, ಹಂಚು, ಇಟ್ಟಿಗೆಗಳು ಸುತ್ತಲಿನ ನಾಡಿನಲ್ಲಿ ಹೆಸರಾಗಲು ನಿಸರ್ಗದ ಈ ಅನುಕೂಲತೆಯೇ ಕಾರಣ.

ಈ ಭಾಗದ ಮೃತ್ಪಾತ್ರೆಗಳ ಪ್ರಾಚೀನತೆಯನ್ನು ತಿಳಿಯಲು ಖಾನಾಪುರದಿಂದ ಉತ್ತರಕ್ಕೆ ಬೆಳಗಾವಿಯತ್ತ ಸಾಗಬೇಕು. ಬೆಳಗಾವಿ ನಗರಕ್ಕೆ ಹೊಂದಿಕೊಂಡಿರುವ ವಡಗಾಂವ-ಮಾಧವಪುರದಲ್ಲಿ ೧೯೭೦ರ ದಶಕದಲ್ಲಿ ಡಾ. ಅ. ಸುಂದರ ಅವರ ನೇತೃತ್ವದಲ್ಲಿ ನಡೆದ ಉತ್ಖನನವು ಶಾತವಾಹನರ ಕಾಲದ ಪಟ್ಟಣವೊಂದನ್ನು ಬೆಳಕಿಗೆ ತಂದಿತು. ದಖ್ಖನಿನ ಆ ಕಾಲದ ನೆಲೆಗಳಲ್ಲಿ ಎರಡು ಬಗೆಯ ಮೃತ್ಪಾತ್ರೆಗಳು ವಿಶೇಷವಾಗಿ ಕಾಣಸಿಗುತ್ತವೆ. ಮೊದಲನೆಯದು ಕಪ್ಪು ಮತ್ತು ಕೆಂಪು ಬಣ್ಣದ ಪಾತ್ರೆ. ಪಾತ್ರೆಯನ್ನು ಬೋರಲಾಗಿ ಇಟ್ಟು ಸುಡುವಾಗ ಗಾಳಿ ತಾಗದ ಒಳಭಾಗ ಕಪ್ಪಾಗುತ್ತದೆ, ಗಾಳಿ ತಾಗಿದ ಹೊರಭಾಗ ಕೆಂಪಾಗುತ್ತದೆ ಎಂಬುದು ವಿದ್ವಾಂಸರ ವಿವರಣೆ. ಎರಡನೆಯದು ಕಂದುಗೆಂಪು ಲೇಪದ ಮೈಮೇಲೆ ಬಿಳಿಯ ರೇಖೆಗಳ ಚಿತ್ರಣವಿರುವ ಪಾತ್ರೆ. ಲಿಪಿಯಿಲ್ಲದ ಈ ಚೂರುಗಳೇ ಒಂದು ನೆಲೆ ಯಾವ ಕಾಲದ್ದೆಂದು ನಿರ್ಧರಿಸಲು ಪುರಾತತ್ತ್ವಜ್ಞರಿಗೆ ಮೊದಲ ಆಧಾರ. ಹೊಲ ಉಳುವಾಗ ರೈತನು ಬೋಕಿಯೆಂದು ಬದುವಿಗೆ ಎಸೆಯುವ ಚೂರು ಒಂದು ಊರಿನ ವಯಸ್ಸನ್ನು ಹೇಳಬಲ್ಲದು.

ಪಲಾಸಿಕೆಯ ತಾಮ್ರಪಟಗಳು

ಖಾನಾಪುರದಿಂದ ಆಗ್ನೇಯಕ್ಕೆ ನಂದಗಡದ ದಾರಿಯಲ್ಲಿ ಸಾಗಿದರೆ ಹಲಸಿ ಗ್ರಾಮ ಸಿಗುತ್ತದೆ. ಇದೇ ಶಾಸನಗಳ ಪಲಾಸಿಕಾ. ಮುಂದೆ ಪಲಸಿಗೆ ಹನ್ನೆರಡು ಸಾವಿರವೆಂಬ ವಿಶಾಲವಾದ ನಾಡಿಗೆ ಹೆಸರುಕೊಟ್ಟ ನಗರ. ಬನವಾಸಿಯ ಕದಂಬರಿಗೆ ಇದು ಎರಡನೆಯ ರಾಜಧಾನಿಯಂತಿತ್ತು. ಇಲ್ಲಿಯ ಮಣ್ಣಿನ ದಿಬ್ಬವೊಂದರಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ದೊರೆತ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟರು ಸಂಪಾದಿಸಿ ೧೮೭೭ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದರು. ಕರ್ನಾಟಕದ ಜೈನಧರ್ಮದ ಆದಿಕಾಲದ ಚರಿತ್ರೆಗೆ ಇವುಗಳಿಗಿಂತ ಮಿಗಿಲಾದ ಆಧಾರಗಳು ವಿರಳ.

ಯುವರಾಜನಾಗಿದ್ದ ಕಾಕುಸ್ಥವರ್ಮನು ತನ್ನನ್ನು ಅಪಾಯದಿಂದ ರಕ್ಷಿಸಿದ ಸೇನಾಪತಿ ಶ್ರುತಕೀರ್ತಿಗೆ ಅರ್ಹಂತರಿಗೆ ಸೇರಿದ ಖೇಟಗ್ರಾಮದಲ್ಲಿ ಒಂದು ಕ್ಷೇತ್ರವನ್ನು ದಾನವಿತ್ತನು. ಅವನ ಮೊಮ್ಮಗನಾದ ಮೃಗೇಶವರ್ಮನು ೫ನೆಯ ಶತಮಾನದ ಉತ್ತರಾರ್ಧದಲ್ಲಿ ತನ್ನ ತಂದೆಯ ಮೇಲಿನ ಭಕ್ತಿಯಿಂದ ಪಲಾಸಿಕಾ ನಗರದಲ್ಲಿ ಜಿನಾಲಯವೊಂದನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ ೩೩ ನಿವರ್ತನ ಭೂಮಿಯನ್ನು ಬಿಟ್ಟುಕೊಟ್ಟನು. ಮೂರು ಸಂಘಗಳನ್ನು ಒಂದೇ ದಾನದಲ್ಲಿ ಸೇರಿಸಿದ ಈ ಶಾಸನವು ಆ ಕಾಲದ ಸೌಹಾರ್ದಕ್ಕೆ ಸಾಕ್ಷಿಯಾಗಿದೆ. ಮೃಗೇಶನ ಮಗ ರವಿವರ್ಮನ ಕಾಲದ ಶಾಸನವು ಪ್ರತಿವರ್ಷ ಕಾರ್ತಿಕದಲ್ಲಿ ೮ ದಿನಗಳ ಜಿನೇಂದ್ರ ಮಹಿಮೆಯನ್ನು ನಡೆಸಬೇಕೆಂದೂ, ಮಳೆಗಾಲದ ೪ ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರದಾನ ನಡೆಯಬೇಕೆಂದೂ, ಇದಕ್ಕೆ ಪುರುಖೇಟಕ ಗ್ರಾಮದ ಉತ್ಪನ್ನವನ್ನು ಬಳಸಬೇಕೆಂದೂ ವಿಧಿಸುತ್ತದೆ. ರವಿವರ್ಮನ ತಮ್ಮ ಭಾನುವರ್ಮನ ಕಾಲದಲ್ಲಿ ಪ್ರತಿ ಹುಣ್ಣಿಮೆಯ ಜಿನಾಭಿಷೇಕಕ್ಕಾಗಿ ೧೫ ನಿವರ್ತನ ಭೂಮಿ ಸಂದಿತು. ರವಿವರ್ಮನ ಮಗ ಹರಿವರ್ಮನು ಸಿಂಹ ಸೇನಾಪತಿಯ ಮಗ ಮೃಗೇಶನು ಪಲಾಸಿಕೆಯಲ್ಲಿ ಕಟ್ಟಿಸಿದ ಅರ್ಹದಾಯತನದ ಅಷ್ಟಾಹ್ನಿಕ ಪೂಜೆಗೂ ನಿತ್ಯದ ಚರುವಿಗೂ ಒಂದು ಗ್ರಾಮವನ್ನೇ ಕೊಟ್ಟನು.

ಈ ಶಾಸನಗಳನ್ನು ಓದುವಾಗ ಅರಸರ ಔದಾರ್ಯವು ಮೊದಲು ಮನಸ್ಸನ್ನು ಸೆಳೆಯುವುದು ಸಹಜ. ಆದರೆ ದಾನದ ಉದ್ದೇಶಗಳನ್ನು ಒಂದೊಂದಾಗಿ ಎಣಿಸಿದರೆ ಬೇರೊಂದು ಚಿತ್ರ ಮೂಡುತ್ತದೆ. ಹುಣ್ಣಿಮೆಯ ಅಭಿಷೇಕಕ್ಕೆ ನೀರನ್ನು ತರಲು ಕೊಡಗಳು ಬೇಕು. ಚರುವನ್ನು ಬೇಯಿಸಲು ಪಾತ್ರೆ ಬೇಕು. ಕಾರ್ತಿಕದ ಎಂಟು ಇರುಳುಗಳಿಗೆ ಹಣತೆಗಳು ಬೇಕು. ನಾಲ್ಕು ತಿಂಗಳ ಆಹಾರದಾನಕ್ಕೆ ಧಾನ್ಯವನ್ನು ಕಾಪಿಡುವ ಗುಡಾಣಗಳೂ ನೀರಿನ ಹರವಿಗಳೂ ಬೇಕು. ಲೋಹದ ಪಾತ್ರೆಗಳು ದುರ್ಲಭವಾಗಿದ್ದ ಆ ಕಾಲದಲ್ಲಿ ಇವುಗಳಲ್ಲಿ ಬಹುಭಾಗವನ್ನು ಒದಗಿಸಿದವನು ಊರಿನ ಕುಂಬಾರನೇ ಆಗಿರಬೇಕು. ದಾನಶಾಸನವು ಪೂಜೆಯ ಸಂಕಲ್ಪವನ್ನು ದಾಖಲಿಸಿತು. ಆ ಸಂಕಲ್ಪವನ್ನು ದಿನದಿನವೂ ನಡೆಯಿಸಿದ್ದು ಹೆಸರಿಲ್ಲದವರ ಕೈಗಳು.

ತಿಗರಿ ಮತ್ತು ಆವಿಗೆ

ಈ ಕೈಗಳ ಕೆಲಸವು ತಲೆಮಾರುಗಳಿಂದ ಹೆಚ್ಚು ಬದಲಾಗದೆ ನಡೆದುಬಂದಿದೆ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಕುಂಬಾರನು ಮಣ್ಣನ್ನು ಅಗೆದು ತಂದು ಒಣಗಿಸಿ, ಕುಟ್ಟಿ, ಕಲ್ಲುಹರಳುಗಳನ್ನು ಆರಿಸಿ ನೀರಿನಲ್ಲಿ ನೆನೆಯಿಡುತ್ತಾನೆ. ಒಣಗುವಾಗ ಪಾತ್ರೆ ಬಿರಿಯದಿರಲೆಂದು ಜರಡಿಯಾಡಿದ ಬೂದಿಯನ್ನೋ ನುಣ್ಣನೆಯ ಮರಳನ್ನೋ ಸೇರಿಸಿ ಕಾಲಿನಿಂದ ತುಳಿದು ಹದಗೊಳಿಸುತ್ತಾನೆ. ತಿಗರಿಯನ್ನು ಕೋಲಿನಿಂದ ತಿರುಗಿಸಿ ಬಿಟ್ಟು, ಅದರ ವೇಗ ಇಳಿಯುವುದರೊಳಗೆ ಮಣ್ಣಿನ ಮುದ್ದೆಯಿಂದ ಪಾತ್ರೆಯ ಬಾಯಿಯನ್ನೂ ಕತ್ತನ್ನೂ ಎತ್ತುತ್ತಾನೆ. ತಿಗರಿಯ ಮೇಲೆ ಪಾತ್ರೆ ಪೂರ್ಣವಾಗುವುದಿಲ್ಲ. ಸ್ವಲ್ಪ ಆರಿದ ಮೇಲೆ ಒಳಗಡೆ ಕಲ್ಲಿನ ಗುಂಡನ್ನು ಆನಿಸಿಕೊಂಡು ಹೊರಗಿನಿಂದ ಹಲಗೆಯಿಂದ ತಟ್ಟಿ ತಟ್ಟಿ ಹೊಟ್ಟೆಯನ್ನು ಹಿಗ್ಗಿಸಿ ತಳವನ್ನು ಮುಚ್ಚಬೇಕು. ಈ ತಟ್ಟುವಿಕೆಯಿಂದ ಗೋಡೆ ತೆಳುವಾಗುತ್ತದೆ, ಮಣ್ಣು ಬಿಗಿಯಾಗುತ್ತದೆ. ಬಳಿಕ ನೆರಳಿನಲ್ಲಿ ಒಣಗಿಸಿ, ಕೆಮ್ಮಣ್ಣಿನ ನೀರನ್ನು ಬಳಿದು, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಾರೆ. ಆವಿಗೆಯಲ್ಲಿ ಪಾತ್ರೆಗಳನ್ನು ಒಂದರ ಮೇಲೊಂದು ಜೋಡಿಸಿ, ಕಟ್ಟಿಗೆ, ಕುಳ್ಳು, ಹುಲ್ಲುಗಳನ್ನು ತುಂಬಿ, ಮೇಲೆ ಮಣ್ಣು ಮೆತ್ತಿ ಬೆಂಕಿಯಿಡುತ್ತಾರೆ. ಉರಿ ಹೆಚ್ಚಾದರೆ ಪಾತ್ರೆ ಸೊಟ್ಟಗಾಗುತ್ತದೆ, ಕಡಿಮೆಯಾದರೆ ಹಸಿಯುಳಿಯುತ್ತದೆ. ವಾರಗಳ ದುಡಿಮೆಯ ಫಲ ಒಂದೇ ರಾತ್ರಿಯಲ್ಲಿ ನಿರ್ಧಾರವಾಗುತ್ತದೆ.

ಮಳೆಗಾಲದಲ್ಲಿ ಮಣ್ಣು ಆರುವುದಿಲ್ಲ, ಆವಿಗೆ ಹತ್ತುವುದಿಲ್ಲ. ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆನಿಲ್ಲುವ ವರ್ಷಾಯೋಗದ ಅವಧಿಯಲ್ಲಿಯೇ ತಿಗರಿಯೂ ಬಹುಮಟ್ಟಿಗೆ ವಿಶ್ರಾಂತಿ ಪಡೆಯುತ್ತಿತ್ತು. ಆದುದರಿಂದ ಆ ನಾಲ್ಕು ತಿಂಗಳ ಆಹಾರದಾನಕ್ಕೆ ಬೇಕಾದ ಪಾತ್ರೆಗಳನ್ನು ಬೇಸಗೆಯಲ್ಲಿಯೇ ಸಿದ್ಧಪಡಿಸಿಕೊಳ್ಳಬೇಕಾಗಿತ್ತೆಂದು ಊಹಿಸಬಹುದು.

ಹಳೆಯ ಗ್ರಾಮವ್ಯವಸ್ಥೆಯಲ್ಲಿ ಕುಂಬಾರನು ಆಯಗಾರರಲ್ಲಿ ಒಬ್ಬನಾಗಿದ್ದನು. ವರ್ಷವಿಡೀ ರೈತರ ಮನೆಗಳಿಗೆ ಗಡಿಗೆ, ಹರವಿ, ಹಣತೆಗಳನ್ನು ಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಧಾನ್ಯವನ್ನು ಪಡೆಯುತ್ತಿದ್ದನು. ಮದುವೆಯಲ್ಲಿ ಐರಣಿಯ ಗಡಿಗೆಗಳನ್ನು ಕುಂಬಾರನ ಮನೆಯಿಂದ ವಾದ್ಯದೊಡನೆ ತರುವುದು ಉತ್ತರ ಕರ್ನಾಟಕದ ರೂಢಿ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು, ಗುಳ್ಳವ್ವ, ನಾಗರಪಂಚಮಿಯ ನಾಗ, ಗಣಪತಿ, ಜೋಕುಮಾರ ಎಂದು ಮುಂಗಾರಿನಿಂದ ಭಾದ್ರಪದದವರೆಗೆ ಮಣ್ಣಿನ ಮೂರ್ತಿಗಳ ಸಾಲೇ ಇದೆ. ಹನ್ನೆರಡನೆಯ ಶತಮಾನದ ಶರಣ ಕುಂಬಾರ ಗುಂಡಯ್ಯನನ್ನು ಕುರಿತು ಹರಿಹರನು ರಗಳೆಯನ್ನು ರಚಿಸಿದನು. ಹೀಗೆ ಕುಂಬಾರನ ಕಸುಬು ಮತಭೇದವಿಲ್ಲದೆ ಎಲ್ಲರ ಮನೆಯ ಶುಭಕಾರ್ಯಗಳಲ್ಲಿಯೂ ಬೆರೆತುಹೋಗಿದೆ.

ಜಿನಾಗಮದಲ್ಲಿ ಕುಂಭ ಮತ್ತು ಕುಂಬಾರ

ಜೈನ ಸಂಪ್ರದಾಯದಲ್ಲಿ ಕುಂಭಕ್ಕೆ ಸಂದಿರುವ ಸ್ಥಾನವು ಸರ್ವವಿದಿತವಾಗಿದೆ. ಅಷ್ಟಮಂಗಲಗಳಲ್ಲಿ ಭೃಂಗಾರ ಮತ್ತು ಕಲಶ ಇವೆರಡೂ ಪಾತ್ರೆಗಳೇ. ಜಿನಮಾತೆಯು ಕಾಣುವ ೧೬ ಸ್ವಪ್ನಗಳಲ್ಲಿ ಪೂರ್ಣಕಲಶಗಳ ಜೋಡಿಯೂ ಒಂದು. ೧೯ನೆಯ ತೀರ್ಥಂಕರರಾದ ಮಲ್ಲಿನಾಥರ ಲಾಂಛನವೇ ಕಲಶ. ಜನ್ಮಾಭಿಷೇಕದಲ್ಲಿ ಇಂದ್ರನು ಕ್ಷೀರಸಾಗರದ ಜಲದಿಂದ ತುಂಬಿದ ೧೦೦೮ ಕಲಶಗಳನ್ನು ಎತ್ತುತ್ತಾನೆ.

ತತ್ತ್ವಗ್ರಂಥಗಳಲ್ಲಿಯೂ ಕುಂಬಾರನು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಕುಂದಕುಂದಾಚಾರ್ಯರ ಸಮಯಸಾರದ ಕರ್ತೃಕರ್ಮ ವಿಚಾರದಲ್ಲಿಯೂ ಅದಕ್ಕೆ ಅಮೃತಚಂದ್ರಾಚಾರ್ಯರು ಬರೆದ ವ್ಯಾಖ್ಯಾನದಲ್ಲಿಯೂ ಘಟದ ದೃಷ್ಟಾಂತವಿದೆ. ಘಟವಾಗಿ ಪರಿಣಮಿಸುವುದು ಮಣ್ಣು, ಕುಂಬಾರನು ನಿಮಿತ್ತಮಾತ್ರನು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಎಂಟು ಕರ್ಮಗಳಿಗೆ ಎಂಟು ಉಪಮೆಗಳನ್ನು ಹೇಳುವಾಗ ಗೋತ್ರಕರ್ಮವನ್ನು ಕುಂಬಾರನಿಗೆ ಹೋಲಿಸಿದ್ದಾರೆ. ಕುಂಬಾರನು ಚಿಕ್ಕ ದೊಡ್ಡ ಪಾತ್ರೆಗಳನ್ನು ಮಾಡುವಂತೆ ಗೋತ್ರಕರ್ಮವು ಜೀವನನ್ನು ಉಚ್ಚ ನೀಚ ಸ್ಥಿತಿಗಳಲ್ಲಿ ಇರಿಸುತ್ತದೆಂಬುದು ಇದರ ಭಾವ. ಪೂಜೆಯ ಕಲಶಕ್ಕೂ ಹೆಂಡದ ಮಡಕೆಗೂ ಒಂದೇ ಮಣ್ಣು. ಹೊರಗಿನ ರೂಪವು ಕರ್ಮಕೃತವಾದುದು, ಆತ್ಮದ್ರವ್ಯದಲ್ಲಿ ಭೇದವಿಲ್ಲ ಎಂಬ ಉದಾತ್ತ ತತ್ತ್ವವನ್ನು ಈ ಉಪಮೆಯಿಂದ ಗ್ರಹಿಸಬಹುದು.

ಇಲ್ಲಿ ಒಂದು ಸಂದೇಹ ಉಂಟಾಗಬಹುದು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನು ವರ್ಜಿಸಬೇಕಾದ ಉದ್ಯೋಗಗಳಲ್ಲಿ ಅಂಗಾರಕರ್ಮವನ್ನು ಎಣಿಸಿ, ಆವಿಗೆಯ ಕೆಲಸವನ್ನೂ ಅದರಲ್ಲಿ ಸೇರಿಸುತ್ತದೆ. ಪೃಥ್ವೀಕಾಯ, ಅಗ್ನಿಕಾಯ ಜೀವಗಳಿಗೆ ಬಾಧೆಯಾಗುವುದೆಂಬುದೇ ಇದರ ಕಾರಣ. ಹಾಗಾದರೆ ಕುಂಬಾರನಿಗೆ ಧರ್ಮದ ಬಾಗಿಲು ಮುಚ್ಚಿದೆಯೇ? ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಬರುವ ಸದ್ದಾಲಪುತ್ತನ ಕಥೆ ಇದಕ್ಕೆ ಉತ್ತರ ಹೇಳುತ್ತದೆ. ಪೋಲಾಸಪುರದ ಈ ಕುಂಬಾರನಿಗೆ ಊರ ಹೊರಗೆ ೫೦೦ ಕುಂಬಾರಿಕೆಯ ಅಂಗಡಿಗಳಿದ್ದವು. ಆತ ಆಜೀವಿಕ ಮತದ ಗೋಶಾಲನ ಅನುಯಾಯಿ. ಎಲ್ಲವೂ ನಿಯತಿಯಿಂದಲೇ ಆಗುತ್ತದೆ, ಪುರುಷಪ್ರಯತ್ನಕ್ಕೆ ಬೆಲೆಯಿಲ್ಲವೆಂದು ನಂಬಿದವನು. ಬಿಸಿಲಿಗೆ ಒಣಗಿಸಿದ್ದ ಪಾತ್ರೆಗಳನ್ನು ತೋರಿಸಿ ಭಗವಾನ್ ಮಹಾವೀರರು, ಇವು ಪ್ರಯತ್ನದಿಂದ ಆದವೋ ಪ್ರಯತ್ನವಿಲ್ಲದೆಯೇ ಆದವೋ ಎಂದು ಕೇಳಿದರು. ಪ್ರಯತ್ನವಿಲ್ಲದೆಯೇ ಎಂದು ಆತ ಉತ್ತರಿಸಿದನು. ಯಾರಾದರೂ ಬಂದು ಇವನ್ನು ಒಡೆದುಹಾಕಿದರೆ ಏನು ಮಾಡುವೆ ಎಂದು ಪುನಃ ಕೇಳಲು, ಅವನನ್ನು ದಂಡಿಸುವೆನೆಂದನು. ಎಲ್ಲವೂ ನಿಯತವೇ ಆಗಿದ್ದರೆ ದಂಡನೆ ಯಾರಿಗೆ, ಏತಕ್ಕೆ ಎಂಬ ಪ್ರಶ್ನೆಯ ಮುಂದೆ ಕುಂಬಾರನ ಸಂಶಯ ಕರಗಿತು; ಆತನು ಶ್ರಾವಕವ್ರತಗಳನ್ನು ಸ್ವೀಕರಿಸಿದನು. ಪುರುಷಪ್ರಯತ್ನದ ಸಿದ್ಧಾಂತಕ್ಕೆ ಕುಂಬಾರನ ಕೈಯ ಮಡಕೆಯೇ ಸಾಕ್ಷಿಯಾದ ಈ ಪ್ರಸಂಗವು ಅತ್ಯಂತ ಮನೋಜ್ಞವಾಗಿದೆ.

ಸೀಮೆಯ ಇತರ ಸ್ಮಾರಕಗಳು

ಹಲಸಿಯಲ್ಲಿ ಇಂದು ಕಾಣುವ ಪುರಾತನ ಕಲ್ಲಿನ ಬಸದಿಯು ಗಾತ್ರದಲ್ಲಿ ಚಿಕ್ಕದು, ಅಲಂಕಾರದಲ್ಲಿ ಸರಳವಾದುದು. ಇದನ್ನು ಕದಂಬರ ಕಾಲದ ಜಿನಾಲಯದೊಡನೆ ಗುರುತಿಸಿದ ವಿದ್ವಾಂಸರಿದ್ದಾರೆ. ಅದೇ ಊರಿನಲ್ಲಿ ಗೋವೆಯ ಕದಂಬರ ಕಾಲದಲ್ಲಿ, ೧೨ನೆಯ ಶತಮಾನದಲ್ಲಿ, ಏಳಿಗೆ ಪಡೆದ ಭೂವರಾಹ ನರಸಿಂಹ ದೇವಾಲಯವಿದೆ. ಎದುರುಬದುರಾದ ಎರಡು ಗರ್ಭಗೃಹಗಳು ಇದರ ವೈಶಿಷ್ಟ್ಯ. ಹಾಟಕೇಶ್ವರ, ಸುವರ್ಣೇಶ್ವರ, ಕಲ್ಲೇಶ್ವರ ಮೊದಲಾದ ಗುಡಿಗಳೂ ಇವೆ. ಸಮೀಪದ ನಂದಗಡವು ೧೮೩೧ರಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನು ನೇಣಿಗೇರಿದ ಪುಣ್ಯಭೂಮಿ. ತಾಲೂಕಿನ ಗಡಿಯಾಚೆ ಬೆಳಗಾವಿಯ ಕೋಟೆಯೊಳಗೆ ಕಮಲ ಬಸದಿಯಿದೆ. ರಟ್ಟ ಅರಸು ನಾಲ್ಮಡಿ ಕಾರ್ತವೀರ್ಯನ ಸಚಿವ ಬೀಚಿರಾಜನು ಬೆಳಗಾವಿಯಲ್ಲಿ ರಟ್ಟ ಜಿನಾಲಯವನ್ನು ಕಟ್ಟಿಸಿದುದನ್ನು ೧೨೦೪ರ ಶಾಸನ ತಿಳಿಸುತ್ತದೆ. ಪಲಾಸಿಕೆಯಲ್ಲಿ ಹಚ್ಚಿದ ದೀಪವು ಏಳು ಶತಮಾನಗಳ ಬಳಿಕವೂ ಈ ನಾಡಿನಲ್ಲಿ ಬೆಳಗುತ್ತಿದ್ದಿತೆಂಬುದಕ್ಕೆ ಇದು ನಿದರ್ಶನ.

ಆಧುನಿಕ ಕಾಲದ ಏರಿಳಿತ

೧೮೬೫ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಯಂತ್ರದ ಹಂಚು ನಾಡಿನಲ್ಲೆಲ್ಲ ಹರಡಿ, ಕುಂಬಾರನು ಕೈಯಿಂದ ಮಾಡುತ್ತಿದ್ದ ನಾಡಹಂಚಿಗೆ ಬೇಡಿಕೆ ಇಳಿಯಿತು. ಅಲ್ಯೂಮಿನಿಯಂ, ಸ್ಟೀಲು, ಪ್ಲಾಸ್ಟಿಕ್ಕುಗಳು ಬಂದಮೇಲೆ ಅಡಿಗೆಮನೆಯಿಂದ ಮಡಕೆ ದೂರವಾಯಿತು. ಆಯದ ಪದ್ಧತಿ ಅಳಿದು, ಕುಂಬಾರನು ಸಂತೆಯ ಬೆಲೆಯನ್ನೇ ನೆಚ್ಚಬೇಕಾಯಿತು. ಕೆರೆಗಳ ಮಣ್ಣೂ ಉರುವಲೂ ಮೊದಲಿನಂತೆ ಸುಲಭವಾಗಿ ದೊರೆಯದಾದವು. ಇಂತಹ ಸನ್ನಿವೇಶದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಯು ಖಾನಾಪುರದಲ್ಲಿಯೇ ನೆಲೆಗೊಂಡು ತರಬೇತಿಯ ಕೇಂದ್ರವಾದುದು ಈ ಸೀಮೆಯ ಮಣ್ಣಿಗೆ ಸಂದ ಮನ್ನಣೆಯೇ ಸರಿ. ೨೦೧೮ರಲ್ಲಿ ಅದೇ ಆಯೋಗವು ಕುಂಬಾರರಿಗೆ ವಿದ್ಯುಚ್ಚಾಲಿತ ತಿಗರಿಗಳನ್ನು ಒದಗಿಸುವ ಯೋಜನೆಯನ್ನು ಆರಂಭಿಸಿತು. ಆದರೆ ತಿಗರಿ ತಿರುಗಿದ ಮಾತ್ರಕ್ಕೆ ಕಸುಬು ಉಳಿಯುವುದಿಲ್ಲ. ಕೊಳ್ಳುವವರಿದ್ದರೆ ಮಾತ್ರ ಉಳಿಯುತ್ತದೆ.

ಸಮಾಜದ ಕರ್ತವ್ಯ

ಬಸದಿಗಳ ಪ್ರತಿಷ್ಠೆಯೂ ಜೀರ್ಣೋದ್ಧಾರವೂ ನಾಡಿನಲ್ಲೆಲ್ಲ ನಡೆಯುತ್ತಿರುವುದು ಹರ್ಷದ ಸಂಗತಿ. ಖಾನಾಪುರ ಸೀಮೆಯ ಇತಿಹಾಸವು ಈ ಕಾರ್ಯಗಳಲ್ಲಿ ತೊಡಗಿರುವ ಸಮಾಜಕ್ಕೆ ಎರಡು ಪಾಠಗಳನ್ನು ಹೇಳುತ್ತದೆ.

ಮೊದಲನೆಯದು, ಹಳೆಯ ಬಸದಿಯ ಅಡಿಪಾಯವನ್ನು ತೆಗೆಯುವಾಗ ಶಾಸನ ಮತ್ತು ವಿಗ್ರಹಗಳಿಗೆ ತೋರುವ ಎಚ್ಚರವನ್ನು ಮಣ್ಣಿನ ಚೂರುಗಳಿಗೂ ತೋರಬೇಕು. ಗುದ್ದಲಿಗೆ ಸಿಕ್ಕ ಮಡಕೆಯ ಚೂರು, ಹಣತೆಯ ತುಂಡು, ಹಳೆಯ ಇಟ್ಟಿಗೆಗಳನ್ನು ಕಸದೊಡನೆ ಎಸೆದರೆ ಆ ಕ್ಷೇತ್ರದ ಪ್ರಾಚೀನತೆಯ ಆಧಾರವನ್ನೇ ಎಸೆದಂತೆ. ಅವು ಯಾವ ಸ್ಥಳದಲ್ಲಿ, ಎಷ್ಟು ಆಳದಲ್ಲಿ ದೊರೆತವೆಂದು ಬರೆದಿಟ್ಟು ಪುರಾತತ್ತ್ವ ಇಲಾಖೆಯ ಗಮನಕ್ಕೆ ತರುವುದು ಶ್ರಾವಕರ ಕರ್ತವ್ಯ. ಹಲಸಿಯ ತಾಮ್ರಪಟಗಳನ್ನು ಸಾವಿರಕ್ಕೂ ಹೆಚ್ಚು ವರ್ಷಗಳ ಕಾಲ ಕಾಪಾಡಿದುದು ಮಣ್ಣಿನ ದಿಬ್ಬವೇ ಎಂಬುದನ್ನು ಮರೆಯಬಾರದು.

ಎರಡನೆಯದು, ಅಂಕುರಾರ್ಪಣೆಯ ಪಾಲಿಕೆಗಳೂ ಕಾರ್ತಿಕದ ಹಣತೆಗಳೂ ಊರ ಕುಂಬಾರನ ಕೈಯಿಂದಲೇ ಬರಲಿ. ಪ್ಲಾಸ್ಟಿಕ್ ಲೋಟಗಳು ರಾಶಿ ಬೀಳುವ ಉತ್ಸವಗಳಲ್ಲಿ ಕುಡಿಯುವ ನೀರಿಗೆ ಮಣ್ಣಿನ ಹರವಿಗಳನ್ನು ಇರಿಸಿದರೆ ನೀರೂ ತಂಪು, ನೆಲಕ್ಕೂ ಹಿತ. ಮುಂಗಡ ಹೇಳಿ, ಯೋಗ್ಯವಾದ ಬೆಲೆ ಕೊಟ್ಟು, ಮಹೋತ್ಸವದ ಸನ್ಮಾನದಲ್ಲಿ ಶಿಲ್ಪಿಯ ಪಕ್ಕದಲ್ಲಿ ಕುಂಬಾರನಿಗೂ ಆಸನವನ್ನು ಕೊಟ್ಟರೆ ಶಾಸನಗಳು ಉಳಿಸಿಹೋದ ಒಂದು ಋಣ ತೀರಿದಂತಾಗುತ್ತದೆ.

ಮೃಗೇಶವರ್ಮನು ಕೊಟ್ಟ ೩೩ ನಿವರ್ತನ ಭೂಮಿಯ ಎಲ್ಲೆಗಳು ಇಂದು ಅಳಿಸಿಹೋಗಿವೆ. ದಾನವನ್ನು ಪಡೆದ ಯಾಪನೀಯ, ಕೂರ್ಚಕ ಸಂಘಗಳೂ ಕಾಲಗರ್ಭದಲ್ಲಿ ಸೇರಿಹೋದವು. ಕೆರೆಯ ಮಣ್ಣು ಮಾತ್ರ ಇಂದಿಗೂ ತಿಗರಿಯ ಮೇಲೆ ಕಲಶವಾಗಲು ಸಿದ್ಧವಾಗಿದೆ. ಆ ಕಲಶವು ಜಿನಪಾದಕ್ಕೆ ನೀರೆರೆಯುವವರೆಗೂ ಪಲಾಸಿಕೆಯ ಹುಣ್ಣಿಮೆಯ ಅಭಿಷೇಕವು ಒಂದಲ್ಲ ಒಂದು ಬಸದಿಯಲ್ಲಿ ಮುಂದುವರಿಯುತ್ತಲೇ ಇರುತ್ತದೆ.